ಬಾಡುವ ತೋರಣ

(ಸಿದ್ದರಬೆಟ್ಟದ ತಪ್ಪಲಿನ ಒಂದು ಊರು, ಯುಗಾದಿಯ ಹಿಂದಿನ ಸಂಜೆ. ಅತ್ತೆ ಕೊರಟಗೆರೆ ಸೀಮೆಯ ತೋಟದ ಮನೆಯವರು. ಸೊಸೆ ಪಾವಗಡದ ಕಡೆಯವಳು, ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ.)

ಸೊಸೆ: ಅತ್ತೆ, ಈ ಸಲ ಬಾಗಿಲಿಗೆ ಈ ತೋರಣವನ್ನೇ ಕಟ್ಟೋಣ ಅಂತಾನೆ ನಿಮ್ಮ ಮೊಮ್ಮಗ. ಪೇಟೆಯಿಂದ ತಂದಿದಾನೆ. ಪ್ಲಾಸ್ಟಿಕ್ಕಾದರೂ ಥೇಟು ಮಾವಿನೆಲೆ ಇದ್ದ ಹಾಗೇ ಇದೆ, ನಡುವೆ ಚೆಂಡುಹೂವೂ ಇದೆ. ತೊಳೆದರೆ ಮತ್ತೆ ಹೊಸದಾಗುತ್ತೆ, ಐದು ವರ್ಷ ಬರುತ್ತೆ ಅಂದರಂತೆ ಅಂಗಡಿಯವರು.

ಅತ್ತೆ: ಐದು ವರ್ಷ ಬರೋದನ್ನ ಯಾಕೆ ಕಟ್ಬೇಕು ಕಣಮ್ಮ? ನಾಳೆ ಉಗಾದಿ ಅಂತ ಬೀದಿಗೆ ಗೊತ್ತಾಗ್ಲಿ ಅಂತ ತೋರಣ ಕಟ್ಟೋದು. ನಾಡಿದ್ದೂ ಅದೇ, ಆಷಾಢದಾಗೂ ಅದೇ ತೂಗಾಡ್ತಿದ್ರೆ ಯಾವತ್ತು ಹಬ್ಬ, ಯಾವತ್ತು ಹಬ್ಬ ಅಲ್ಲ?

ಸೊಸೆ: ಬೀದಿಗೋಸ್ಕರ ಕಟ್ಟೋದಾ? ಮನೆಗೆ ಶುಭವಾಗಲಿ, ಲಕ್ಷ್ಮಿ ಬರಲಿ ಅಂತ ಅಲ್ವಾ?

ಅತ್ತೆ: ಅದೂ ಸರಿ, ಅದನ್ನ ಅಲ್ಲ ಅನ್ನಲ್ಲ. ಆದ್ರೆ ಒಳಗೆ ನಿಂತು ನೋಡು, ತೋರಣದ ಬೆನ್ನು ಕಾಣ್ತೈತೆ. ಮುಖ ಇರೋದು ಬೀದಿ ಕಡೆಗೆ. ಎಲೆಯ ಹೊಳಪಿನ ಮಗ್ಗುಲು ಹೊರಗೆ ಬರೋ ಹಂಗೆ ಪೋಣಿಸು ಅಂತ ಹೇಳೋದು ಅದಕ್ಕೇ. ಹಬ್ಬದ ಬೆಳಗ್ಗೆ ಬೀದಿಗುಂಟ ನಡೆದು ನೋಡು. ಎಲ್ಲಾ ಬಾಗಿಲಾಗೂ ಹಸಿರು ಇರ್ತೈತೆ, ಒಂದು ಬಾಗಿಲು ಬರಿದಾಗಿರ್ತೈತೆ. ಆ ವರ್ಷ ಆ ಮನೇಲಿ ಯಾರೋ ಹೋಗಿರ್ತಾರೆ. ಅವರು ಒಬ್ಬಟ್ಟು ತಟ್ಟಿರಲ್ಲ. ಯಾಕೆ ಅಂತ ಯಾರೂ ಕೇಳೋ ಹಂಗಿಲ್ಲ, ಕೇಳೋ ಅಗತ್ಯಾನೂ ಇಲ್ಲ. ನೆಂಟರು, ಅಕ್ಕಪಕ್ಕದೋರು ಹಬ್ಬದ ಅಡಿಗೆ ತಗೊಂಡು ಹೋಗಿ ಕೊಟ್ಟು, ಒಂದು ಗಳಿಗೆ ಕೂತು ಬರ್ತಾರೆ. ನಿಮ್ಮ ಮಾವ ಹೋದ ವರ್ಷ ಈ ಬಾಗಿಲೂ ಬರಿದಾಗೇ ಇತ್ತಲ್ಲ, ಆವತ್ತು ನಮ್ಮ ಒಲೆ ಮೇಲೆ ಹಬ್ಬದ್ದು ಏನೂ ಬೇಯಲಿಲ್ಲ. ಆದ್ರೂ ಮಕ್ಕಳಿಗೆ ಒಬ್ಬಟ್ಟು ತಪ್ಪಲಿಲ್ಲ.

ಸೊಸೆ: ನೆನಪಿದೆ ಅತ್ತೆ. ಎದುರುಮನೆಯವರು ಮೊದಲು ಬಂದಿದ್ದರು.

ಅತ್ತೆ: ವರ್ಷವೆಲ್ಲಾ ಪ್ಲಾಸ್ಟಿಕ್ ತೋರಣ ನೇತಾಡ್ತಿದ್ದಿದ್ರೆ? ಸಾವಾದ ಮನೆಗೂ ಹಬ್ಬದ ಮನೆಗೂ ಒಂದೇ ಬಾಗಿಲು. ಇನ್ನೊಂದು ಕೇಳು. ಮಾವಿನೆಲೆ ಇಲ್ಲದೆ ಬರೀ ಬೇವಿನ ಸೊಪ್ಪು ಸಿಕ್ಕಿಸಿದ್ರೆ ಆ ಮನೇಲಿ ಯಾರಿಗೋ ಅಮ್ಮ ಬಂದೈತೆ ಅಂತ ಅರ್ಥ. ಹೊರಗಿನೋರು ಹೊಸ್ತಿಲು ದಾಟಲ್ಲ, ಅಲ್ಲಿಂದ್ಲೇ ಮಾತಾಡಿಸಿಕೊಂಡು ಹೋಗ್ತಾರೆ. ಊರಿಗೆ ಊರೇ ಬೇವು ಕಟ್ಟಿದ್ರೆ ಮಾರಮ್ಮನ ಜಾತ್ರೆ. ಮಧುಗಿರಿ ದಂಡಿನ ಮಾರಮ್ಮನ ಜಾತ್ರೇಲಿ ನೋಡಿದೀಯಲ್ಲ. ಅಂಗಳದಾಗೆ ತೆಂಗಿನ ಗರಿ ಚಪ್ಪರ, ಕಂಬಕ್ಕೆ ಬಾಳೆಕಂದು, ಮೇಲೆ ಅಡಿಕೆ ಹೊಂಬಾಳೆ ಇದ್ರೆ ಮದುವೆ. ಓದು ಬರಹ ಬಾರದ ನಮ್ಮಂಥೋರು ಬಾಗಿಲು ನೋಡೇ ತಿಳ್ಕೊತಿದ್ವಿ.

ಸೊಸೆ: ಬೇವಿನ ಮಾತು ಹೇಳಿದಿರಲ್ಲ, ಅದು ತುಂಬಾ ದೊಡ್ಡ ವಿಷಯ ಅತ್ತೆ. ಅಮ್ಮ ಅಂತ ಕರೀತಿದ್ದ ಸಿಡುಬಿಗೆ ಔಷಧಿ ಇಲ್ಲದ ಕಾಲದಲ್ಲಿ ರೋಗಿಯಿಂದ ದೂರ ಇರೋದೊಂದೇ ದಾರಿ. ಬಾಗಿಲ ಮೇಲಿನ ಸೊಪ್ಪು ಆ ಕೆಲಸ ಮಾಡ್ತಿತ್ತು. ಬೇವು ಸಿಡುಬನ್ನ ವಾಸಿ ಮಾಡಲಿಲ್ಲ. ರೋಗ ತೊಲಗಿದ್ದು ದೇವಿ ಹಾಕಿಸಿದ್ದರಿಂದ, ಅಂದರೆ ಲಸಿಕೆಯಿಂದ. ಭಾರತದಲ್ಲಿ ಕೊನೆಯ ಸಿಡುಬು ಕಂಡಿದ್ದು 1975ರಲ್ಲಿ. 1980ರಲ್ಲಿ ಪ್ರಪಂಚದಿಂದಲೇ ಹೋಯ್ತು ಅಂತ ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಈಗ ಬರೋದು ಸೀತಾಳೆ ಸಿಡುಬು ಮಾತ್ರ. ಅದೂ ಅಂಟುವ ರೋಗವೇ ಆದ್ದರಿಂದ ಬಾಗಿಲಿಗೆ ಬೇವು ಸಿಕ್ಕಿಸೋದರಲ್ಲಿ ಇವತ್ತೂ ಅರ್ಥ ಇದೆ.

ಅತ್ತೆ: ನನ್ನ ತೋಳಿನ ಮೇಲೆ ದೇವಿ ಹಾಕಿದ ಗುರುತು ಈಗಲೂ ಐತೆ.

ಸೊಸೆ: ಹಾಗಂತ ಎಲ್ಲದಕ್ಕೂ ವಿಜ್ಞಾನ ಅಂಟಿಸೋದೂ ನನಗೆ ಸರಿ ಕಾಣಲ್ಲ. ಮಾವಿನೆಲೆ ಕಿತ್ತ ಮೇಲೂ ದಿನಗಟ್ಟಲೆ ಆಮ್ಲಜನಕ ಬಿಡುತ್ತೆ, ಅದಕ್ಕೇ ಹಿರಿಯರು ಕಟ್ಟಿದ್ದು ಅಂತ ಪ್ರತಿ ಹಬ್ಬಕ್ಕೂ ಮೊಬೈಲಿಗೆ ಸಂದೇಶ ಬರುತ್ತೆ. ತರಗತಿಯಲ್ಲಿ ಮಕ್ಕಳು ಅದನ್ನೇ ಕೇಳ್ತಾರೆ. ಕಿತ್ತ ಎಲೆಗೆ ಬೇರಿನಿಂದ ನೀರು ಬರಲ್ಲ. ಒಳಗಿರೋ ನೀರು ಉಳಿಸ್ಕೊಳ್ಳೋದಕ್ಕೆ ಅದು ತನ್ನ ಪತ್ರರಂಧ್ರಗಳನ್ನ ಮುಚ್ಚಿಕೊಳ್ಳುತ್ತೆ. ಅಲ್ಲಿಗೆ ಗಾಳಿ ಒಳಗೆ ಹೊರಗೆ ಹೋಗೋದು ಹೆಚ್ಚು ಕಡಿಮೆ ನಿಂತ ಹಾಗೇ. ಒಂದು ಬಾಗಿಲಿನ ಇಪ್ಪತ್ತು ಎಲೆಯಿಂದ ಮನೆಯ ಗಾಳಿಯಲ್ಲಿ ಏನೂ ಬದಲಾಗಲ್ಲ.

ಅತ್ತೆ: ಹಂಗಾದ್ರೆ ಮಾವಿನ ಎಲೇನೇ ಯಾಕೆ? ಹುಣಸೆ ಎಲೆ, ಹಲಸಿನೆಲೆ, ಹೊಂಗೆ ಎಲೆ ಎಲ್ಲಾ ಇದ್ದಾವಲ್ಲ.

ಸೊಸೆ: ಅದಕ್ಕೆ ಕಾರಣ ಇದೆ. ಬಲಿತ ಮಾವಿನೆಲೆ ದಪ್ಪ, ಮೇಲೆ ಮೇಣದ ಪದರ ಇರುತ್ತೆ. ನೀರು ಬೇಗ ಆರಲ್ಲ. ಹುಣಸೆಯ ಸಣ್ಣ ಎಲೆ ಮಧ್ಯಾಹ್ನದ ಹೊತ್ತಿಗೆ ಮುದುಡಿ ಉದುರುತ್ತೆ. ಮಾವಿನದು ಒಣಗಿದರೂ ಹುರಿ ಬಿಟ್ಟು ಬೀಳಲ್ಲ. ಉದ್ದ ಎಲೆ, ಗಟ್ಟಿ ತೊಟ್ಟು, ಎಲ್ಲಾ ಕಾಲದಲ್ಲೂ ಮರದ ಮೇಲೆ ಇರುತ್ತೆ. ಕಟ್ಟೋರ ಕೈಗೆ ಇಷ್ಟು ಒದಗಿಬರೋ ಎಲೆ ಇನ್ನೊಂದಿಲ್ಲ. ಹಿರಿಯರು ಕೈಯಲ್ಲಿ ಮುಟ್ಟಿ, ಕಟ್ಟಿ ನೋಡಿ ಇದನ್ನ ಆರಿಸಿದಾರೆ.

ಅತ್ತೆ: ಹಂಗೆ ಹೇಳು. ಹಂಗಿದ್ರೂ ಎಲ್ಲಾ ಮಾವಿನೆಲೇನೂ ಆಗಲ್ಲ. ಕೆಂಪಗೆ ಇರೋ ಚಿಗುರು ಬೇಡ, ಅದು ಬೆಳಗ್ಗೆ ಕಟ್ಟಿದ್ರೆ ಹತ್ತು ಗಂಟೆಗೆ ಜೋತುಬೀಳ್ತೈತೆ. ಮಚ್ಚೆ ಬಿದ್ದ ಮುದಿ ಎಲೇನೂ ಬೇಡ. ಎರಡಕ್ಕೂ ನಡುವಿಂದು, ಕಪ್ಪು ಹಸಿರಿಗೆ ತಿರುಗಿರೋದು ಆಗ್ಬೇಕು. ಸಂಜೆ ಬಿಸಿಲು ಇಳಿದ ಮೇಲೆ ಕೀಳ್ಬೇಕು. ತೊಟ್ಟಿನ ಸೊನೆ ಬಟ್ಟೆಗೆ ಅಂಟಿದ್ರೆ ಹೋಗಲ್ಲ, ಅದಕ್ಕೇ ತೊಳೆದು, ಒದ್ದೆ ಬಟ್ಟೆಯಾಗೆ ಸುತ್ತಿ, ಮಂಕರಿ ಮುಚ್ಚಿಟ್ಟು, ಕೋಳಿ ಕೂಗೋ ಹೊತ್ತಿಗೆ ಪೋಣಿಸೋದು.

ಹುರಿ ಬಾಗಿಲುವಾಡದ ಅಗಲಕ್ಕಿಂತ ಆ ಕಡೆ ಒಂದು ಗೇಣು, ಈ ಕಡೆ ಒಂದು ಗೇಣು ಜಾಸ್ತಿ ಇರ್ಲಿ. ಬಿಗಿಯಾಗಿ ಎಳೆದು ಕಟ್ಟಬಾರದು, ನಡುವೆ ಚೂರು ಜೋಲಬೇಕು. ಎಲೆಯ ತೊಟ್ಟಿನ ಕಡೆ ಕಾಲು ಭಾಗ ಹುರಿ ಮೇಲಿಂದ ಹಿಂದಕ್ಕೆ ಮಡಿಸು. ಮಡಿಸಿದ ಮೇಲೆ ಆ ತೊಟ್ಟನ್ನೇ ಎಲೆಗೆ ಚುಚ್ಚಿ ತೆಗಿ. ನಡುನರಕ್ಕೆ ಚುಚ್ಚಬೇಡ, ತೊಟ್ಟು ಮುರೀತೈತೆ. ನರದ ಪಕ್ಕಕ್ಕೆ ಚುಚ್ಚು. ಅದೇ ಗುಂಡಿ, ಅದೇ ಕಾಜ. ತೊಟ್ಟು ಮೋಟಾಗಿದ್ರೆ ಪೊರಕೆಯಿಂದ ಒಂದು ತೆಂಗಿನ ಕಡ್ಡಿ ಎಳೆದು, ಚಿಕ್ಕದಾಗಿ ಮುರಿದು ಚುಚ್ಚಿದ್ರೆ ಆಯ್ತು. ಪಿನ್ನು ಹೊಡೆಯೋ ಯಂತ್ರ ಬೇಡ. ತೋರಣ ತಿಪ್ಪೆಗೆ ಹೋಗಿ, ತಿಪ್ಪೆ ಗೊಬ್ಬರ ಹೊಲಕ್ಕೆ ಹೋದ ಮೇಲೆ ಆ ತಂತಿ ಚೂರು ಸಿಗೋದು ಬರಿಗಾಲಿಗೆ, ಇಲ್ಲಾ ದನದ ಬಾಯಿಗೆ.

ಸೊಸೆ: ಚೆಂಡುಹೂವು ಸೇರಿಸೋದಾದರೆ?

ಅತ್ತೆ: ಚೀಲ ಹೊಲಿಯೋ ದಬ್ಬಳ ತಗೊ. ಸಣ್ಣ ಸೂಜಿ ಆಗಲ್ಲ, ಹೂವಿನ ಬುಡ ಗಟ್ಟಿ. ಹಸಿರು ಬುಡದಾಗೇ ಅಡ್ಡಕ್ಕೆ ಚುಚ್ಚಬೇಕು, ಎಸಳಿಗೆ ಚುಚ್ಚಿದ್ರೆ ಉದುರಿ ಹೋಗ್ತಾವೆ. ಇನ್ನು ಹೂವು ಕಟ್ಟೋದಾದ್ರೆ ಬಾಳೆ ನಾರು. ದಿಂಡಿನ ಮೇಲಿನ ಒಣಗಿದ ಪಟ್ಟೆ ನೀರಾಗೆ ನೆನೆಸಿಟ್ಟು ಸೀಳ್ಕೊಂಡ್ರೆ ರೇಷ್ಮೆ ಹಂಗೆ ಬರ್ತೈತೆ. ಒಂದು ಕೊನೆ ಕಾಲು ಹೆಬ್ಬೆಟ್ಟಿಗೆ ಸಿಕ್ಕಿಸ್ಕೊಂಡು ಕಟ್ಟುತಾ ಹೋಗೋದು. ನಮ್ಮ ಕಾಲದಾಗೆ ಒಂದು ಮಾರು ಕಟ್ಟಕ್ಕೆ ಕೂತು ಮಾತು ಶುರು ಮಾಡಿದ್ರೆ ಮಾತು ಮುಗಿಯೋ ಮುಂಚೆ ಹೂವು ಮುಗೀತಿತ್ತು.

ಸೊಸೆ: ಅತ್ತೆ, ಎಲೆ ಕೀಳೋ ವಿಷಯದಲ್ಲಿ ನನಗೊಂದು ಸಂಕಟ ಇದೆ. ಹಬ್ಬದ ಹಿಂದಿನ ದಿನ ರಸ್ತೆ ಬದಿಯ ಮಾವಿನ ಮರಗಳನ್ನ ನೋಡಿದೀರಾ? ಕೊಂಬೆ ಕೊಂಬೆಯೇ ಮುರಿದು, ಆಟೋಗೆ ತುಂಬಿಕೊಂಡು ಪಟ್ಟಣಕ್ಕೆ ಹೋಗ್ತಾರೆ. ಮಾವು ಹೂ ಬಿಡೋದು ರೆಂಬೆಯ ತುದಿಯಲ್ಲಿ. ಯುಗಾದಿ ಹೊತ್ತಿಗೆ ಅಲ್ಲೇ ಹೀಚು ಕಚ್ಚಿರುತ್ತೆ. ತುದಿ ಮುರಿದರೆ ಆ ವರ್ಷದ ಕಾಯಿ ಹೋಯ್ತು. ತೋರಣಕ್ಕೆ ಬೇಕಿದ್ದದ್ದು ಇಪ್ಪತ್ತು ಎಲೆ, ಮುರಿದದ್ದು ಒಂದು ಬುಟ್ಟಿ ಹಣ್ಣು.

ಅತ್ತೆ: ಅದು ಪಾಪದ ಕೆಲಸ. ನಮ್ಮಪ್ಪ ಮರ ಹತ್ತೋರಿಗೆ ಹೇಳ್ತಿದ್ದದ್ದು ಒಂದೇ ಮಾತು. ಹೂವು, ಹೀಚು ಇರೋ ಕೊಂಬೆ ಮುಟ್ಬೇಡ. ಈ ವರ್ಷ ಬರೀ ಎಲೆ ಬಿಟ್ಟು ನಿಂತಿರೋ ರೆಂಬೆ ಇರ್ತಾವೆ, ಅದರ ಬುಡದ ಕಡೆಯಿಂದ ಒಂದೆರಡು ಎಲೆ ಕತ್ತರಿಸ್ಕೊ, ತುದಿ ಬಿಡು, ಮುಂದಿನ ರೆಂಬೆಗೆ ಹೋಗು. ಬೆಟ್ಟದ ಮೇಲಂತೂ ಎಲೆ ಕೀಳೋದೇ ಬೇಡ. ಗುಹೆಯ ಸಿದ್ದೇಶ್ವರನ್ನ ನೋಡಿ, ಅಲ್ಲಿಯ ನೀರು ತಲೆಗೆ ಹಾಕ್ಕೊಂಡು ಬರೋ ಜನ, ಗಿಡಮೂಲಿಕೆ ಬೆಟ್ಟ ಅಂತ ಕಂಡ ಕಂಡ ಗಿಡ ಕಿತ್ಕೊಂಡು ಇಳೀತಾರೆ. ಯಾವ ಗಿಡ ಯಾವುದಕ್ಕೆ ಅಂತಾನೂ ಗೊತ್ತಿರಲ್ಲ.

ಸೊಸೆ: ಶಿರಾ ತಾಲ್ಲೂಕಿನ ಕಗ್ಗಲಡುವಿನವರನ್ನ ನೋಡಿ ಕಲೀಬೇಕು. ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರದ ಮೇಲೆ ಗೂಡು ಕಟ್ಟುತ್ತವೆ. ಮರದ ಕೆಳಗೆ ಹಿಕ್ಕೆ, ವಾಸನೆ, ಗದ್ದಲ. ಆದರೂ ಆ ಜನ ಹಕ್ಕಿಗಳನ್ನ ಓಡಿಸಲಿಲ್ಲ, ಕಾಯ್ಕೊಂಡು ಬಂದಿದಾರೆ. ಹಬ್ಬಕ್ಕೆ ಎಲೆ ಕೀಳೋರಿಗೆ ಅದರಲ್ಲಿ ಕಾಲು ಭಾಗ ತಾಳ್ಮೆ ಇದ್ದರೆ ಸಾಕಿತ್ತು.

ಅತ್ತೆ: ನಿಮ್ಮ ಪಾವಗಡದ ಕಡೆ ಮಾವಿನ ತೋಪು ಅಷ್ಟಕ್ಕಷ್ಟೆ. ನೀವೇನು ಕಟ್ತಿದ್ರಿ?

ಸೊಸೆ: ಉಗಾದಿಗೆ ನಾಲ್ಕು ಮಾವಿನೆಲೆ ಎಲ್ಲಿಂದಾದರೂ ತರ್ತಿದ್ವಿ, ಮಿಕ್ಕಿದ್ದೆಲ್ಲಾ ಬೇವು. ಆಗ ಬೇವು ಹೂ ಬಿಟ್ಟಿರುತ್ತಲ್ಲ, ಬಾಗಿಲ ಕೆಳಗೆ ಹಾದರೆ ಘಮ್ ಅಂತಿತ್ತು. ದೀಪಾವಳಿಗೆ ತಂಗಡಿ ಹೂವು. ಮಳೆ ಹೋದ ಮೇಲೆ ಬದುವಿನ ತುಂಬಾ ಹಳದಿ. ಅದರ ಜೊತೆಗೆ ಅಣ್ಣೆ ಹೂವು, ಉತ್ತರಾಣಿ ಕಡ್ಡಿ. ಎಲ್ಲಾ ಸೇರಿಸಿ ಗೊಂಚಲು ಮಾಡಿ ಬಾಗಿಲ ಎರಡೂ ಕಡೆ ಸಿಕ್ಕಿಸ್ತಿದ್ವಿ. ತಂಗಡಿ ತೊಗಟೆ ಚರ್ಮ ಹದ ಮಾಡೋದಕ್ಕೆ ಹೋಗ್ತಿತ್ತು, ಹೂವು ಹಬ್ಬಕ್ಕೆ ಬರ್ತಿತ್ತು. ನೀರು ಕೇಳದ ಗಿಡ, ದನ ಬಾಯಿ ಹಾಕದ ಗಿಡ. ಸುಗ್ಗಿ ಆದ ಮೇಲೆ ರಾಗಿ ತೆನೆ, ನವಣೆ ತೆನೆ ಒಂದು ಹಿಡಿ ಕಟ್ಟಿ ತೊಲೆಗೆ ತೂಗುಹಾಕ್ತಿದ್ದಳು ನಮ್ಮಜ್ಜಿ. ಗುಬ್ಬಿ ಬಂದು ತಿಂದು ಖಾಲಿ ಮಾಡ್ತಿದ್ದವು. ಕೊಡಗಿನಲ್ಲೂ ಪುತ್ತರಿಗೆ ಐದು ಬಗೆ ಎಲೆ ಸೇರಿಸಿ ಕಟ್ಟು ಕಟ್ಟಿ, ಹೊಸ ಭತ್ತದ ಕದಿರಿನ ಜೊತೆ ಮನೆಗೆ ತರ್ತಾರೆ. ಮಾವೊಂದೇ ಶಾಸ್ತ್ರ, ಮಿಕ್ಕಿದ್ದೆಲ್ಲಾ ಬಡವರ ತೋರಣ ಅಂತ ಯಾರಾದರೂ ಅಂದರೆ ನಾನು ಒಪ್ಪಲ್ಲ.

ಅತ್ತೆ: ಯಾಕೆ ಒಪ್ಪಬೇಕು? ನಡೆದು ಹೋಗಿ ಬರೋಷ್ಟು ದೂರದಾಗೆ ಏನು ಬೆಳೆದೈತೋ ಅದು ಆ ಊರಿನ ತೋರಣ.

ಸೊಸೆ: ಈಗ ಆ ಬದುಗಳೇ ಕಡಿಮೆ ಆಗ್ತಿವೆ. ನಮ್ಮ ಪಾವಗಡದ ತಿರುಮಣಿ ಸುತ್ತಿನ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಬಂದಿದೆ. ರೈತರು ಜಮೀನು ಮಾರಿಲ್ಲ, ಗುತ್ತಿಗೆಗೆ ಕೊಟ್ಟಿದಾರೆ. ಮಳೆ ನಂಬಿ ಕಡಲೆಕಾಯಿ ಹಾಕಿ ಸೋತವರಿಗೆ ವರ್ಷ ವರ್ಷ ಕೈಗೆ ದುಡ್ಡು ಬರ್ತಿದೆ, ಅದನ್ನ ನಾನು ತೆಗಳಲ್ಲ. ಆದರೆ ಅಲ್ಲಿನ ಮಕ್ಕಳು ತಂಗಡಿ ಹೂ ಕೀಳೋದಕ್ಕೆ ಈಗ ಬೇರೆ ದಿಕ್ಕಿಗೆ ಹೋಗಬೇಕು. ಬೇಲಿಯ ಹೊರಗೆ, ರಸ್ತೆ ಅಂಚಿನಲ್ಲಿ ಒಂದಷ್ಟು ತಂಗಡಿ, ಬೇವು ಉಳಿಸಬೇಕು ಅಂತ ಯಾರಾದರೂ ಪಂಚಾಯ್ತಿಯಲ್ಲಿ ಕೇಳಬೇಕು.

ಅತ್ತೆ: ನಮ್ಮದು ನಮ್ಮದು ಅಂತೀವಿ, ಚೆಂಡುಹೂವು ಹೊರಗಿಂದ ಬಂದದ್ದು ಅಂತ ಮೊನ್ನೆ ನೀನೇ ಹೇಳ್ತಿದ್ದೆ.

ಸೊಸೆ: ಹೌದು, ಮೆಕ್ಸಿಕೋದಿಂದ ಬಂದದ್ದು. ನಾವು ಅದನ್ನ ಆಯುಧಪೂಜೆಗೆ ಟ್ರ್ಯಾಕ್ಟರಿಗೂ ಹೊಲಿಗೆ ಮಿಷನ್ನಿಗೂ ಹಾಕ್ತೀವಿ. ಅಲ್ಲಿಯವರು ನವೆಂಬರ್ ಮೊದಲ ಎರಡು ದಿನ, ತೀರಿಕೊಂಡ ಹಿರಿಯರ ನೆನಪಿಗೆ ಮನೆಯಲ್ಲಿ ಪೀಠ ಮಾಡಿ ಇದೇ ಹೂವು ರಾಶಿ ಹಾಕ್ತಾರೆ. ಅದರ ಬಣ್ಣ, ವಾಸನೆ ಹಿಡಿದು ಹಿರಿಯರು ದಾರಿ ಕಂಡುಕೊಂಡು ಬರ್ತಾರೆ ಅನ್ನೋ ನಂಬಿಕೆ. ನಾವು ಹುರಿ ಹೊಸೆಯೋ ಕತ್ತಾಳೇನೂ ಆ ಕಡೆಯದೇ. ಬೀಜ ಎಲ್ಲಿಂದ ಬಂತು ಅನ್ನೋದಕ್ಕಿಂತ ನಮ್ಮ ಮಣ್ಣಲ್ಲಿ ಬೆಳೆದು ನಮ್ಮ ಕೈಯಲ್ಲಿ ಕಟ್ಟಿಸ್ಕೊಳ್ಳುತ್ತಾ ಅನ್ನೋದು ಮುಖ್ಯ ಅನ್ಸುತ್ತೆ ನನಗೆ.

ಅತ್ತೆ: ಲಂಟಾನಾನೂ ಹೊರಗಿಂದೇ ಅಲ್ವಾ? ಬೆಟ್ಟದ ಬುಡವೆಲ್ಲಾ ತಿಂದು ಹಾಕೈತೆ. ಅದು ಯಾವ ತೋರಣಕ್ಕೂ ಆಗಲ್ಲ.

ಸೊಸೆ: ಆಗುತ್ತೆ ಅತ್ತೆ. ನಮ್ಮ ಶಾಲೆಯ ಇಂಗ್ಲಿಷ್ ಮೇಡಂ ಕ್ರಿಸ್‌ಮಸ್ಸಿಗೆ ಬಾಗಿಲ ಮೇಲೆ ದುಂಡನೆಯ ಹಸಿರು ಚಕ್ರ ತೂಗುಹಾಕ್ತಾರೆ. ತಣ್ಣನೆ ದೇಶಗಳಲ್ಲಿ ಅದನ್ನ ಸೂಜಿ ಎಲೆಯ ಮರದಿಂದ ಮಾಡ್ತಾರೆ, ಇವರು ಸರ್ವೆ ಮರದ ಟೊಂಗೆಯಿಂದ. ಒಳಗಿನ ಬಳೆಗೆ ಏನು ಹಾಕ್ತಾರೆ ಗೊತ್ತಾ? ಲಂಟಾನ. ಕಡ್ಡಿಗಳನ್ನ ನೀರಲ್ಲಿ ಕುದಿಸಿ, ಸಿಪ್ಪೆ ಸುಲಿದು, ಬಿಸಿ ಇರುವಾಗಲೇ ಬಗ್ಗಿಸಿ, ಒಂದರ ಮೇಲೊಂದು ಹೆಣೆದು ಕಟ್ಟಿದರೆ ಬಳೆ ಆಯ್ತು. ಹುಳ ಹಿಡಿಯಲ್ಲ, ವರ್ಷ ವರ್ಷ ಅದೇ ಬಳೆಗೆ ಹೊಸ ಹಸಿರು ಸುತ್ತಬಹುದು. ಮಲೆ ಮಹದೇಶ್ವರ ಬೆಟ್ಟದಲ್ಲಿ ಸೋಲಿಗರು ಹೀಗೇ ಲಂಟಾನದಿಂದ ಕುರ್ಚಿ, ಬುಟ್ಟಿ ಮಾಡಿ ಮಾರ್ತಾರೆ. ಆ ಬಳೆಗೆ ಸರ್ವೆ ಬದಲು ನಾವು ಮಾವು ಸುತ್ತಿದರೆ ಯಾರು ಬೇಡ ಅಂತಾರೆ?

ಅತ್ತೆ: ಬೆಟ್ಟದ ಕಳೇನೂ ಕಡಿಮೆ ಆಗ್ತೈತೆ. ಅದು ಮಾಡು.

ಸೊಸೆ: ನೀವು ಬೀದಿಗೆ ಹೇಳೋದು ಅಂದಿರಲ್ಲ, ಅದಕ್ಕೆ ಹೊಂದೋ ಒಂದು ಸಂಗತಿ ಅವರ ಇನ್ನೊಂದು ಚಕ್ರದಲ್ಲಿದೆ, ಕ್ರಿಸ್‌ಮಸ್ಸಿಗೆ ಮುಂಚೆ ಬತ್ತಿ ಹಚ್ಚೋ ಚಕ್ರದಲ್ಲಿ. 1839ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಯೋಹಾನ್ ಹಿನ್‌ರಿಕ್ ವಿಖರ್ನ್ ಅನ್ನೋರು ಬಡ ಮಕ್ಕಳ ಒಂದು ಆಶ್ರಮ ನಡೆಸ್ತಿದ್ದರು. ಕ್ರಿಸ್‌ಮಸ್ ಯಾವಾಗ, ಎಷ್ಟು ದಿನ ಇದೆ ಅಂತ ಮಕ್ಕಳು ದಿನಾ ಕೇಳ್ತಿದ್ದರಂತೆ. ಅವರು ಒಂದು ಗಾಡಿ ಚಕ್ರದ ಮೇಲೆ ಭಾನುವಾರಕ್ಕೊಂದು ದೊಡ್ಡ ಮೇಣದ ಬತ್ತಿ, ಉಳಿದ ದಿನಕ್ಕೆ ಸಣ್ಣ ಬತ್ತಿ ನಿಲ್ಲಿಸಿ, ದಿನಕ್ಕೊಂದು ಹಚ್ಚೋದಕ್ಕೆ ಶುರು ಮಾಡಿದರು. ಹಸಿರು ಸುತ್ತಿದ್ದು ಆಮೇಲೆ. ಅವರ ಚಕ್ರವೂ ಹುಟ್ಟಿದ್ದು ದಿನ ಹೇಳೋದಕ್ಕೇ.

ಅತ್ತೆ: ನೋಡು, ಮಕ್ಕಳು ಎಲ್ಲಾ ಕಡೆ ಒಂದೇ.

ಸೊಸೆ: ಆದರೆ ಒಂದು ಪ್ರಶ್ನೆ ಉಳೀತು ಅತ್ತೆ. ಬಾಡದ ತೋರಣ ಬೇಕು ಅಂತ ಹಿರಿಯರಿಗೂ ಅನ್ನಿಸಿತ್ತಲ್ಲ? ಶಿರಾದಿಂದ ಆಚೆ ಗಡಿ ದಾಟಿದರೆ ಹೇಮಾವತಿ. ಹಿಂದೆ ನೊಳಂಬ ಅರಸರ ರಾಜಧಾನಿ. ಅಲ್ಲಿನ ಗುಡಿಗಳಲ್ಲಿ ಕಲ್ಲಿನ ಜಾಲಂಧ್ರಗಳ ಮೇಲೆ ಬಳ್ಳಿ ಸುತ್ತಿ ಸುತ್ತಿ ಹೋಗಿದೆ, ಬಳ್ಳಿಯ ಒಂದೊಂದು ಸುತ್ತಿನೊಳಗೆ ಒಂದೊಂದು ಗೊಂಬೆ. ಸಾವಿರ ವರ್ಷವಾದರೂ ಒಂದು ಎಲೆ ಬಾಡಿಲ್ಲ. ಸಾಂಚಿಯ ಸ್ತೂಪದ ಕಲ್ಲಿನ ತೋರಣಗಳು ಎರಡು ಸಾವಿರ ವರ್ಷದವು. ಅವು ತಪ್ಪಾ?

ಅತ್ತೆ: ಹೇಮಾವತಿ ಸಿದ್ದಪ್ಪನ ಗುಡಿಗೆ ನಾನೂ ಹೋಗಿದೀನಿ. ಅದು ಹೆಂಗೆ ತಪ್ಪಾಗ್ತೈತೆ? ದೇವರು ಅಲ್ಲಿ ದಿನಾ ಇರ್ತಾನೆ, ಅವನಿಗೆ ದಿನಾ ಹಬ್ಬ. ಅವನ ಬಾಗಿಲಿಗೆ ಕಲ್ಲಿನ ಬಳ್ಳಿ ಒಪ್ತೈತೆ. ಹಂಗಿದ್ರೂ ಜಾತ್ರೆ ದಿನ ಪೂಜಾರಪ್ಪ ಆ ಕಲ್ಲಿನ ಬಳ್ಳಿ ಮೇಲೇನೇ ಮಾವಿನೆಲೆ ಕಟ್ತಾನಲ್ಲ. ನಮ್ಮ ಮನೇಲಿ ಹುಟ್ಟು, ಸಾವು, ಮುಟ್ಟು, ಮದುವೆ, ಎಲ್ಲಾ ನಡೀತೈತೆ. ನಮ್ಮ ಬಾಗಿಲು ಬದಲಾಗ್ತಾ ಇರ್ಬೇಕು.

ಸೊಸೆ: ಒಪ್ಪಿದೆ. ಇನ್ನು ನಿಮ್ಮ ಮಗಳು? ನನ್ನ ನಾದಿನಿ ಟೆಕ್ಸಾಸಿನಲ್ಲಿ ಏನು ಮಾಡಬೇಕು? ಹಸಿ ಎಲೆ ತಗೊಂಡು ಹೋದರೆ ಅಮೆರಿಕದ ವಿಮಾನ ನಿಲ್ದಾಣದಲ್ಲೇ ಕಿತ್ಕೊಳ್ತಾರೆ. ರೋಗ, ಕೀಟ ಬರುತ್ತೆ ಅಂತ ಅವರಿಗೆ ಹೆದರಿಕೆ, ಅದು ನ್ಯಾಯವೇ.

ಅತ್ತೆ: ಅವಳ ಮನೆ ಹತ್ರ ಯಾವುದೋ ದಪ್ಪ ಎಲೆಯ ಮರ ಐತೆ ಅಂದಿದ್ಲು.

ಸೊಸೆ: ಮ್ಯಾಗ್ನೋಲಿಯಾ. ನಿತ್ಯ ಹಸಿರಿನ ಮರ, ಎಲೆ ಚರ್ಮದ ಹಾಗೆ ದಪ್ಪ, ಮೇಲೆ ಹೊಳಪು. ಅಲ್ಲಿಯವರು ಕ್ರಿಸ್‌ಮಸ್ ಚಕ್ರಕ್ಕೆ ಅದನ್ನೂ ಬಳಸ್ತಾರೆ.

ಅತ್ತೆ: ಮತ್ತಿನ್ನೇನು? ಅದನ್ನೇ ಪೋಣಿಸಲಿ. ಅಂಗಡಿಯಿಂದ ಬಟ್ಟೆ ತೋರಣ ತಂದು ಹಾಕೋದಕ್ಕಿಂತ, ಮಗಳನ್ನ ಪಕ್ಕದಾಗೆ ಕೂರಿಸ್ಕೊಂಡು ಆ ಎಲೆ ಮಡಚೋದು ಹೇಳಿಕೊಡ್ಲಿ. ಫೋನಿನಾಗೆ ನಾನು ತೋರಿಸ್ತೀನಿ.

ಸೊಸೆ: ಪ್ಲಾಸ್ಟಿಕ್ ವಿಷಯಕ್ಕೆ ಕಾನೂನೂ ಇದೆ ಅತ್ತೆ. 2016ರ ಮಾರ್ಚಿನಲ್ಲಿ ನಮ್ಮ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಚೀಲ, ಫ್ಲೆಕ್ಸ್, ಬಾವುಟದ ಜೊತೆಗೆ ಬೀದಿಗೆ ಕಟ್ಟುವ ಪ್ಲಾಸ್ಟಿಕ್ ತೋರಣವನ್ನೂ ನಿಷೇಧ ಮಾಡಿತು. 2022ರ ಜುಲೈ 1ರಿಂದ ಅಲಂಕಾರದ ಥರ್ಮೋಕೋಲಿಗೂ ಪ್ಲಾಸ್ಟಿಕ್ ಬಾವುಟಕ್ಕೂ ದೇಶದಾದ್ಯಂತ ನಿಷೇಧ. ಹಾಗಿದ್ದೂ ರಾಜ್ಯೋತ್ಸವ ಬಂದರೆ ಊರೂರಲ್ಲಿ ಕೆಂಪು ಹಳದಿ ಪ್ಲಾಸ್ಟಿಕ್ ಚೂರುಗಳು ತಂತಿಗೆ ಜೋತುಬಿದ್ದಿರುತ್ತವೆ, ಡಿಸೆಂಬರಿನಲ್ಲಿ ಚರಂಡಿ ಸೇರುತ್ತವೆ. ಈ ನವೆಂಬರ್ 1ಕ್ಕೆ ನಮ್ಮ ಶಾಲೆಯ ಬಾಗಿಲಿಗೆ ಮಕ್ಕಳ ಕೈಯಲ್ಲೇ ಕಟ್ಟಿಸ್ತೀನಿ. ಹಳದಿಗೆ ತಂಗಡಿ, ಕೆಂಪಿಗೆ ಕೋಳಿಜುಟ್ಟಿನ ಹೂವು. ಕೋಳಿಜುಟ್ಟು ಒಣಗಿದರೂ ಬಣ್ಣ ಬಿಡಲ್ಲ. ಎರಡೂ ಆ ಹೊತ್ತಿಗೆ ಸಿಗುತ್ತವೆ, ಎರಡಕ್ಕೂ ದುಡ್ಡು ಕೊಡಬೇಕಿಲ್ಲ. ಮಕ್ಕಳಿಗೆ ಏನೇನು ಹೇಳಲಿ?

ಅತ್ತೆ: ಹೊಲದೋರನ್ನ, ತೋಟದೋರನ್ನ ಕೇಳಿ ಕೀಳಿ ಅನ್ನು. ಗಿಡದಾಗೆ ಬೀಜಕ್ಕೆ ಅಂತ ಒಂದಷ್ಟು ಹೂವು ಬಿಡಿ. ನೈಲಾನ್ ದಾರ ಬೇಡ, ನಾರು ತನ್ನಿ, ಕಟ್ಟೋದು ಗೊತ್ತಿಲ್ದಿದ್ರೆ ಮನೇಲಿ ಅಜ್ಜಿಯರನ್ನ ಕೇಳಿ, ಅಜ್ಜಿ ಇಲ್ದೋರು ನನ್ನತ್ರ ಬನ್ನಿ. ಕಟ್ಟಿದೋರೇ ಹಬ್ಬ ಮುಗಿದ ಮೇಲೆ ಬಿಚ್ಚಿ ತಿಪ್ಪೆಗೆ ಹಾಕಿ. ಹಬ್ಬದ ದಿನ ಬೀದಿಯಾಗೆ ಬರೀ ಬಾಗಿಲು ಕಂಡ್ರೆ ಸುಮ್ನೆ ದಾಟಿ ಹೋಗಬೇಡಿ, ಆ ಮನೆಗೆ ಹೋಗಿ ಮಾತಾಡಿಸಿ ಬನ್ನಿ.